ಮಹೀಂದ್ರಾದ 100 ಷೇರು 800 ಆದಾಗ: ಸ್ಪ್ಲಿಟ್ ಲೆಕ್ಕ ನಾನು ಇಟ್ಟುಕೊಂಡ ರೀತಿ

ಸ್ಕಾರ್ಪಿಯೊ ರಸ್ತೆಗಿಳಿದ 2002ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾದ 100 ಷೇರು ಕೊಂಡು, ಆಮೇಲೆ ಒಂದನ್ನೂ ಮಾರದೆ, ಒಂದನ್ನೂ ಸೇರಿಸದೆ ಇಟ್ಟುಕೊಂಡವರ ಡಿಮ್ಯಾಟ್ ಖಾತೆಯಲ್ಲಿ (ಷೇರುಗಳನ್ನು ಕಾಗದವಿಲ್ಲದೆ ಕಂಪ್ಯೂಟರಿನಲ್ಲಿ ಇಡುವ ಖಾತೆ) ಈಗ 800 ಷೇರು ಇರಬೇಕು. 400 ಮಾತ್ರ ಕಾಣುತ್ತಿದ್ದರೆ ಒಂದು ಬೋನಸ್ ಎಲ್ಲೋ ಸಿಕ್ಕಿಕೊಂಡಿದೆ. 100 ಷೇರಿನ ಕಾಗದದ ಸರ್ಟಿಫಿಕೇಟ್ ಮಾತ್ರ ಬೀರುವಿನಲ್ಲಿದ್ದರೆ ಕೆಲಸ ಇನ್ನೂ ದೊಡ್ಡದು, ಅದಕ್ಕೆ ಮುಂದೆ ಬರುತ್ತೇನೆ.

100 ಹೇಗೆ 800 ಆಯಿತು ಎಂದು ಬಿಡಿಸಿ ನೋಡೋಣ. 2005ರಲ್ಲಿ ಒಂದಕ್ಕೊಂದು ಬೋನಸ್ ಬಂತು, ಅಂದರೆ ಇದ್ದ ಪ್ರತಿ ಷೇರಿಗೂ ಹಣ ಕೊಡದೆ ಇನ್ನೊಂದು ಷೇರು, 100 ಇದ್ದದ್ದು 200. 2010ರ ಮಾರ್ಚ್ ಕೊನೆಯಲ್ಲಿ 10 ರೂಪಾಯಿ ಮುಖಬೆಲೆಯ (ಷೇರಿನ ಮೇಲೆ ಬರೆದ ಮೂಲ ಬೆಲೆ, ಮಾರುಕಟ್ಟೆ ಬೆಲೆಯಲ್ಲ) ಷೇರನ್ನು 5 ರೂಪಾಯಿಯ ಎರಡು ಷೇರಾಗಿ ಒಡೆದರು, 200 ಇದ್ದದ್ದು 400. 2017ರ ಡಿಸೆಂಬರಿನಲ್ಲಿ ಮತ್ತೆ ಒಂದಕ್ಕೊಂದು ಬೋನಸ್, 400 ಇದ್ದದ್ದು 800. ಮೂರು ಸಲವೂ ಸಂಖ್ಯೆ ದುಪ್ಪಟ್ಟು, ಮೂರು ಸಲವೂ ಬೆಲೆ ಅರ್ಧ. ಹಾಗಾಗಿ ಷೇರುದಾರರ ಬಾಯಲ್ಲಿ ಮೂರೂ 'ಸ್ಪ್ಲಿಟ್' ಆಗಿಬಿಡುತ್ತದೆ. ನಿಜವಾದ ಸ್ಪ್ಲಿಟ್ ನಡುವಿನದು ಒಂದೇ. ಹಣದ ಮಟ್ಟಿಗೆ ಈ ವ್ಯತ್ಯಾಸಕ್ಕೆ ಬೆಲೆಯಿಲ್ಲ. ತೆರಿಗೆಯ ಮಟ್ಟಿಗೆ, ಕಾಗದಪತ್ರದ ಮಟ್ಟಿಗೆ ಬಹಳ ಇದೆ.

ಗೊಂದಲ ಬಂದಾಗ ನಾನು ಮೊದಲು ನೋಡುವುದು ಒಟ್ಟು ಮುಖಬೆಲೆಯನ್ನು. 2002ರಲ್ಲಿ 100 ಷೇರು, ತಲಾ 10 ರೂಪಾಯಿ, ಒಟ್ಟು 1,000. 2005ರ ಬೋನಸ್ ಆದ ಮೇಲೆ 200 ಷೇರು, ಒಟ್ಟು 2,000. 2010ರ ಸ್ಪ್ಲಿಟ್ ಆದ ಮೇಲೆ 400 ಷೇರು, ತಲಾ 5 ರೂಪಾಯಿ, ಒಟ್ಟು ಅದೇ 2,000. 2017ರ ಬೋನಸ್ ಆದ ಮೇಲೆ 800 ಷೇರು, ಒಟ್ಟು 4,000. ಬೋನಸ್‌ನಲ್ಲಿ ಕಂಪನಿ ತನ್ನ ಮೀಸಲು ನಿಧಿಯಿಂದ ಹಣವನ್ನು ಷೇರು ಬಂಡವಾಳದ ಖಾತೆಗೆ ತೆಗೆದು ಹಾಕುತ್ತದೆ, ಅದಕ್ಕೇ ಒಟ್ಟು ಮುಖಬೆಲೆ ಏರುತ್ತದೆ. ಸ್ಪ್ಲಿಟ್‌ನಲ್ಲಿ ಯಾವ ಖಾತೆಯಿಂದಲೂ ಒಂದು ಪೈಸೆ ಅಲ್ಲಾಡುವುದಿಲ್ಲ. ನೋಟನ್ನು ಚಿಲ್ಲರೆ ಮಾಡಿಸಿದಷ್ಟೇ. ಎರಡರಲ್ಲೂ ಕಂಪನಿಯಲ್ಲಿ ನಿಮ್ಮ ಪಾಲು ಎಷ್ಟಿತ್ತೋ ಅಷ್ಟೇ. ಬೋನಸ್ ಎಂದರೆ ಪುಕ್ಕಟೆ ಸಿಕ್ಕಿತು ಅನ್ನುವವರು ಮರುದಿನದ ಬೆಲೆಯನ್ನು ನೋಡಿರುವುದಿಲ್ಲ.

ಇನ್ನೊಂದು ಗುರುತು ಐಎಸ್‌ಐಎನ್, ಅಂದರೆ ಡಿಮ್ಯಾಟ್‌ನಲ್ಲಿ ಪ್ರತಿ ಷೇರಿಗೂ ಇರುವ ಹನ್ನೆರಡು ಅಕ್ಷರದ ಸಂಖ್ಯೆ. ಮಹೀಂದ್ರಾದ 10 ರೂಪಾಯಿ ಷೇರಿಗೆ ಐಎನ್‌ಇ101ಎ01018 ಇತ್ತು. 5 ರೂಪಾಯಿ ಷೇರಿಗೆ ಐಎನ್‌ಇ101ಎ01026. ಇದನ್ನು ಓದುವುದು ಹೀಗೆ: 'ಐಎನ್' ದೇಶ, 'ಇ' ಕಂಪನಿ, '101ಎ' ಮಹೀಂದ್ರಾ, ಮುಂದಿನ '01' ಈಕ್ವಿಟಿ ಷೇರು, ಅದರ ಮುಂದಿನ '01' ಅಥವಾ '02' ಸರಣಿ ಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಮುಖಬೆಲೆ ಬದಲಾದರೆ ಸರಣಿ ಸಂಖ್ಯೆ ಬದಲಾಗುತ್ತದೆ. ಬೋನಸ್‌ಗೆ ಬದಲಾಗುವುದಿಲ್ಲ, 2017ರ ಬೋನಸ್ ಷೇರುಗಳೂ 01026 ಎಂದೇ ಬಂದವು. ಹಳೆಯ ಡಿಮ್ಯಾಟ್ ವಿವರಪಟ್ಟಿಯಲ್ಲಿ 'ಇಷ್ಟು ಷೇರು ಹೊರಗೆ, ಇಷ್ಟು ಷೇರು ಒಳಗೆ' ಎಂದು ಒಂದೇ ಹೊತ್ತಿಗೆ ಎರಡು ಸಾಲು ಕಂಡು ಎರಡರ ಐಎಸ್‌ಐಎನ್ ಬೇರೆ ಇದ್ದರೆ ಅದು ಸ್ಪ್ಲಿಟ್. ಒಳಗೆ ಬಂದ ಸಾಲು ಮಾತ್ರ ಇದ್ದು ಐಎಸ್‌ಐಎನ್ ಅದೇ ಇದ್ದರೆ ಬೋನಸ್. 2002ರಿಂದ ಇಟ್ಟುಕೊಂಡವರಿಗೆ ಇದೆಲ್ಲ ನೆನಪಿನಲ್ಲಿ ಉಳಿಯುವುದಿಲ್ಲ, ವಿವರಪಟ್ಟಿ ನೆನಪಿಡುತ್ತದೆ.

ಲೆಕ್ಕದ ಪುಸ್ತಕ

ಬ್ರೋಕರ್‌ನ ಆ್ಯಪ್ ತೋರಿಸುವ ಸರಾಸರಿ ಬೆಲೆಯನ್ನು ನಾನು ನಂಬುವುದಿಲ್ಲ. ಷೇರುಗಳನ್ನು ಒಂದು ಬ್ರೋಕರ್‌ನಿಂದ ಇನ್ನೊಂದಕ್ಕೆ ವರ್ಗಾಯಿಸಿದರೆ ಷೇರು ಬರುತ್ತದೆ, ಖರೀದಿ ಬೆಲೆ ಬರುವುದಿಲ್ಲ. ಆ ಜಾಗ ಖಾಲಿ, ಇಲ್ಲವೇ ವರ್ಗಾವಣೆಯ ದಿನದ ಬೆಲೆ. ಅದರ ಮೇಲೊಂದು ಸ್ಪ್ಲಿಟ್ ಬಂದರೆ ತಪ್ಪು ಸಂಖ್ಯೆಯನ್ನೇ ಎರಡರಿಂದ ಭಾಗಿಸಿ ಕೂರಿಸಿರುತ್ತಾರೆ.

ಹಾಗಾಗಿ ಪ್ರತಿ ಕಂಪನಿಗೂ ಒಂದು ಹಾಳೆ. ಅಡ್ಡ ಸಾಲಿನಲ್ಲಿ ತಾರೀಖು, ಏನು ನಡೆಯಿತು, ಒಳಗೆ ಬಂದದ್ದು, ಹೊರಗೆ ಹೋದದ್ದು, ಉಳಿದದ್ದು, ಮುಖಬೆಲೆ, ಐಎಸ್‌ಐಎನ್, ಮತ್ತು ಆ ಕಂತಿಗೆ (ಒಂದು ಸಲಕ್ಕೆ ಬಂದ ಷೇರುಗಳ ಗುಂಪು) ಕೊಟ್ಟ ಒಟ್ಟು ಹಣ. ಒಂದೊಂದು ಷೇರಿನ ಬೆಲೆಗೆ ಕಾಲಮ್ಮೇ ಇಲ್ಲ. ಇದು ಬೇಕೆಂದೇ ಬಿಟ್ಟದ್ದು. ಪ್ರತಿ ಷೇರಿನ ಬೆಲೆ ಬರೆದಿಟ್ಟರೆ ಸ್ಪ್ಲಿಟ್ ಬಂದಾಗಲೆಲ್ಲ ಹಿಂದಿನ ಸಾಲುಗಳನ್ನು ತಿದ್ದಬೇಕಾಗುತ್ತದೆ, ತಿದ್ದುವಾಗ ಒಂದನ್ನು ಮರೆಯುತ್ತೇವೆ, ನಾಲ್ಕು ವರ್ಷ ಬಿಟ್ಟು ನೋಡಿದರೆ ಯಾವುದು ತಿದ್ದಿದ್ದು ಯಾವುದು ತಿದ್ದದ್ದು ಗೊತ್ತಾಗುವುದಿಲ್ಲ. ಒಟ್ಟು ಹಣ ಯಾವತ್ತೂ ಬದಲಾಗುವುದಿಲ್ಲ. 10,000 ಕೊಟ್ಟಿದ್ದರೆ ಅದು 10,000ವೇ. ಭಾಗಿಸುವ ಕೆಲಸ ಮಾರುವ ದಿನಕ್ಕೆ ಇರಲಿ.

ಎರಡನೆಯ ನಿಯಮ, ಕಂತುಗಳನ್ನು ಕೂಡಿಸಬಾರದು. 2002ರ ಖರೀದಿ ಒಂದು ಕಂತು, 2005ರ ಬೋನಸ್ ಇನ್ನೊಂದು, 2017ರ ಬೋನಸ್ ಮತ್ತೊಂದು. 2010ರ ಸ್ಪ್ಲಿಟ್ ಮಾತ್ರ ಹೊಸ ಕಂತಲ್ಲ, ಇದ್ದ ಎರಡು ಕಂತುಗಳೂ ಅಲ್ಲಲ್ಲೇ ದುಪ್ಪಟ್ಟಾದವು. ಲೆಕ್ಕ ಸುಲಭವಾಗಲಿ ಎಂದು 2002ರಲ್ಲಿ ದಲ್ಲಾಳಿ ಸೇರಿ 10,000 ರೂಪಾಯಿ ಕೊಟ್ಟಿದ್ದೇವೆ ಎಂದಿಟ್ಟುಕೊಂಡರೆ, ಈಗ ಹಾಳೆಯಲ್ಲಿ ಇರಬೇಕಾದದ್ದು: 2002ರ ಕಂತಿನ 200 ಷೇರು, ಕೊಟ್ಟ ಹಣ 10,000, 2005ರ ಕಂತಿನ 200 ಷೇರು, ಕೊಟ್ಟದ್ದು ಸೊನ್ನೆ, 2017ರ ಕಂತಿನ 400 ಷೇರು, ಕೊಟ್ಟದ್ದು ಸೊನ್ನೆ.

ಇಲ್ಲಿ ಎರಡು ಸರಾಸರಿ ಹುಟ್ಟುತ್ತದೆ. 10,000ವನ್ನು 800ರಿಂದ ಭಾಗಿಸಿದರೆ 12 ರೂಪಾಯಿ 50 ಪೈಸೆ. ಹೂಡಿಕೆ ಎಷ್ಟು ಬೆಳೆಯಿತು ಎಂದು ನೋಡಲು ಇದು ಸರಿ. ಹಿಂದಿನ ಬೆಲೆಗಳನ್ನು ಹೊಂದಿಸಿ ತೋರಿಸುವ ಚಾರ್ಟ್‌ಗಳಲ್ಲೂ 2002ರ ನೂರು ರೂಪಾಯಿ 12.50 ಎಂದೇ ಕಾಣುತ್ತದೆ. ತೆರಿಗೆಗೆ ಮಾತ್ರ ಇದು ತಪ್ಪು. ತೆರಿಗೆಯ ಕಣ್ಣಿನಲ್ಲಿ ಮೊದಲ 200 ಷೇರಿಗೆ ತಲಾ 50 ರೂಪಾಯಿ, ಉಳಿದ 600ಕ್ಕೆ ಸೊನ್ನೆ (2018ರ ಜನವರಿ 31ಕ್ಕೆ ಮೊದಲಿನ ಷೇರಿಗೆ ಒಂದು ರಿಯಾಯಿತಿ ಇದೆ, ಅದಕ್ಕೆ ಮುಂದೆ ಬರುತ್ತೇನೆ). ಸ್ಪ್ಲಿಟ್ ಆದಾಗ ಹಳೆಯ ಬೆಲೆ ಹೊಸ ಷೇರುಗಳಿಗೆ ಹಂಚಿಹೋಗುತ್ತದೆ, ಕೊಂಡ ತಾರೀಖೂ ಹಳೆಯದೇ. ಬೋನಸ್ ಆದಾಗ ಹಳೆಯ ಬೆಲೆ ಹಳೆಯ ಷೇರಿನ ಮೇಲೆಯೇ ಕೂತಿರುತ್ತದೆ, ಬೋನಸ್‌ಗೆ ಸೊನ್ನೆ ಬೆಲೆ ಮತ್ತು ಹಂಚಿಕೆಯಾದ ದಿನದ ಹೊಸ ತಾರೀಖು.

ಒಡೆಯುವ ದಿನ

ಆಡಳಿತ ಮಂಡಳಿ ಘೋಷಿಸಿದ ದಿನಕ್ಕೂ ಷೇರು ನಿಜವಾಗಿ ಒಡೆಯುವ ದಿನಕ್ಕೂ ನಡುವೆ ಷೇರುದಾರರ ಮತದಾನ ಇರುತ್ತದೆ. ಆಮೇಲೆ ರೆಕಾರ್ಡ್ ಡೇಟ್, ಅಂದರೆ ಯಾರ ಹೆಸರಿನಲ್ಲಿ ಷೇರಿದೆ ಎಂದು ಕಂಪನಿ ನೋಡುವ ದಿನ, ಪ್ರಕಟವಾಗುತ್ತದೆ. 2023ರ ಜನವರಿಯಿಂದ ಎಲ್ಲ ಷೇರುಗಳ ವಹಿವಾಟೂ ಮರುದಿನವೇ ಚುಕ್ತಾ ಆಗುವುದರಿಂದ ರೆಕಾರ್ಡ್ ಡೇಟ್ ಮತ್ತು ಬೆಲೆ ಬದಲಾಗುವ ದಿನ ಈಗ ಒಂದೇ. ಹಳೆಯ ಷೇರುದಾರರಿಗೆ ಈ ತಾರೀಖಿನ ಲೆಕ್ಕಾಚಾರ ಬೇಕಿಲ್ಲ, ಇದ್ದವರಿಗೆ ಬಂದೇ ಬರುತ್ತದೆ.

ಆ ಬೆಳಿಗ್ಗೆ ಆ್ಯಪ್ ತೆರೆದರೆ ಮಾತ್ರ ಎದೆ ಧಸಕ್ ಅನ್ನುತ್ತದೆ. ಬೆಲೆ ಹೊಸದು, ಷೇರಿನ ಸಂಖ್ಯೆ ಹಳೆಯದು. ಒಂದಕ್ಕೆರಡರ ಸ್ಪ್ಲಿಟ್ ಆದರೆ ಅರ್ಧ ಹಣ ಮಾಯ, ಒಂದಕ್ಕೈದಾದರೆ ಐದರಲ್ಲಿ ನಾಲ್ಕು ಪಾಲು ಮಾಯ. ಹಳೆಯ ಐಎಸ್‌ಐಎನ್ ಹೊರಗೆ ಹೋಗಿ ಹೊಸದು ಒಳಗೆ ಬರಲು ಒಂದೆರಡು ಕೆಲಸದ ದಿನ ಹಿಡಿಯಬಹುದು. ಆ ನಡುವೆ ಮಾರಲು ಹೋಗಬಾರದು. ಖಾತೆಗೆ ಬಾರದ ಷೇರನ್ನು ಮಾರಿದರೆ ಕೊಡಲಾಗದೆ ಹರಾಜಿಗೆ ಬೀಳುತ್ತದೆ, ಹರಾಜಿನ ಬೆಲೆ ವ್ಯತ್ಯಾಸ ನಮ್ಮ ತಲೆಗೆ.

ದೀರ್ಘಕಾಲದವರು ಎಡವುವುದು ಕಾಯ್ದಿಟ್ಟ ಆರ್ಡರ್‌ಗಳಲ್ಲಿ. ಷೇರು 2,000 ಇದ್ದಾಗ '1,800ಕ್ಕೆ ಇಳಿದರೆ ಮಾರು' ಎಂದು ವರ್ಷದ ಆರ್ಡರ್ ಹಾಕಿಟ್ಟಿದ್ದೀರಿ ಎನ್ನಿ. ಎಕ್ಸ್‌ಚೇಂಜ್‌ನಲ್ಲಿರುವ ಆರ್ಡರ್‌ಗಳು ಆ ದಿನಕ್ಕೆ ಮೊದಲು ರದ್ದಾಗುತ್ತವೆ. ಆದರೆ ಜಿಟಿಟಿ ಎಂದು ಕರೆಯುವ, ಹೇಳಿದ ಬೆಲೆ ಬಂದಾಗ ಮಾತ್ರ ಎಕ್ಸ್‌ಚೇಂಜ್‌ಗೆ ಹೊರಡುವ ಆರ್ಡರ್ ಕೂತಿರುವುದು ಬ್ರೋಕರ್‌ನ ಕಂಪ್ಯೂಟರಿನಲ್ಲಿ. ಅದನ್ನು ರದ್ದು ಮಾಡುವುದೋ, ಹೊಸ ಬೆಲೆಗೆ ಹೊಂದಿಸುವುದೋ, ಹಾಗೇ ಬಿಡುವುದೋ ಅವರವರ ಪದ್ಧತಿ. ಹಾಗೇ ಬಿಟ್ಟಿದ್ದರೆ ಬೆಳಿಗ್ಗೆ 1,000ದಲ್ಲಿ ತೆರೆದ ಷೇರು '1,800ಕ್ಕಿಂತ ಕೆಳಗೆ' ಎಂದು ಲೆಕ್ಕವಾಗಿ ಮಾರಾಟಕ್ಕೆ ಹೊರಡುತ್ತದೆ. ಹಿಂದಿನ ಸಂಜೆಯೇ ಆ ಷೇರಿನ ಎಲ್ಲ ಜಿಟಿಟಿಗಳನ್ನೂ ಕೈಯಾರೆ ಅಳಿಸುತ್ತೇನೆ. ಹೊಸ ಸಂಖ್ಯೆ ಖಾತೆಯಲ್ಲಿ ಕಂಡ ಮೇಲೆ ಹೊಸದಾಗಿ ಹಾಕುತ್ತೇನೆ. ಜತೆಗೆ ಸ್ಪ್ಲಿಟ್‌ನ ಹಿಂದಿನ ತಿಂಗಳು ಮತ್ತು ಮುಂದಿನ ತಿಂಗಳ ಡಿಪಾಸಿಟರಿ (ಡಿಮ್ಯಾಟ್ ಷೇರುಗಳ ದಾಖಲೆ ಇಡುವ ಸಂಸ್ಥೆ) ವಿವರಪಟ್ಟಿ ಎರಡನ್ನೂ ಇಳಿಸಿ ಆ ಕಂಪನಿಯ ಫೋಲ್ಡರಿಗೆ ಹಾಕಿಡುತ್ತೇನೆ. ಇಪ್ಪತ್ತು ವರ್ಷ ಬಿಟ್ಟು ತೆರಿಗೆ ಅಧಿಕಾರಿ ಕೇಳಿದರೆ ಆ ಎರಡು ಹಾಳೆಯೇ ಉತ್ತರ.

ಡಿವಿಡೆಂಡ್ ಇಳಿಯಿತೇ?

ಮಹೀಂದ್ರಾ 2016–17ನೇ ಸಾಲಿಗೆ ಪ್ರತಿ ಷೇರಿಗೆ 13 ರೂಪಾಯಿ ಡಿವಿಡೆಂಡ್ (ಲಾಭದಲ್ಲಿ ಷೇರುದಾರರಿಗೆ ಕೊಡುವ ಪಾಲು) ಕೊಟ್ಟಿತು. 2017–18ಕ್ಕೆ 7.50. ಪಟ್ಟಿಯಲ್ಲಿ ಮೇಲೆ ಕೆಳಗೆ ನೋಡಿದವರು ಕಡಿತ ಎಂದುಕೊಳ್ಳುತ್ತಾರೆ. ನಡುವೆ ಬೋನಸ್ ಬಂದಿದೆ. 13ರ ಅರ್ಧ 6.50, ಅಂದರೆ ಹಿಡುವಳಿ ಲೆಕ್ಕದಲ್ಲಿ 6.50 ಇದ್ದದ್ದು 7.50ಕ್ಕೆ ಏರಿದೆ. 400 ಷೇರಿಗೆ 5,200 ಬರುತ್ತಿದ್ದವರಿಗೆ ಮುಂದಿನ ವರ್ಷ 800 ಷೇರಿಗೆ 6,000 ಬಂತು.

ಶೇಕಡಾ ಲೆಕ್ಕ ಇನ್ನೂ ಮೋಸದ್ದು. ಡಿವಿಡೆಂಡ್‌ನ ಶೇಕಡಾವಾರು ಎಂದರೆ ಮುಖಬೆಲೆಯ ಮೇಲೆ, ಮಾರುಕಟ್ಟೆ ಬೆಲೆಯ ಮೇಲಲ್ಲ. 2024–25ಕ್ಕೆ ಮಹೀಂದ್ರಾ ಕೊಟ್ಟ 25.30 ರೂಪಾಯಿ, 5 ರೂಪಾಯಿ ಮುಖಬೆಲೆಯ ಮೇಲೆ 506 ಪರ್ಸೆಂಟ್. ಅದೇ ಷೇರಿನ ಮುಖಬೆಲೆ ಇನ್ನೂ 10 ಆಗಿದ್ದು ಅದೇ 25.30 ಕೊಟ್ಟಿದ್ದರೆ 253 ಪರ್ಸೆಂಟ್. ಕಂಪನಿಯ ಲಾಭಕ್ಕೂ ಈ ಸಂಖ್ಯೆಗೂ ಸಂಬಂಧವಿಲ್ಲ. ನಾನು ಶೇಕಡಾ ನೋಡುವುದನ್ನೇ ಬಿಟ್ಟಿದ್ದೇನೆ. ಹಾಳೆಯ ಹಿಂಬದಿಯಲ್ಲಿ ಪ್ರತಿ ವರ್ಷ ಬ್ಯಾಂಕಿಗೆ ಬಂದ ಒಟ್ಟು ರೂಪಾಯಿ ಬರೆಯುತ್ತೇನೆ. 800 ಷೇರಿಗೆ 25.30ರಂತೆ 20,240. ಒಂದು ಕಂಪನಿಯಿಂದ ವರ್ಷಕ್ಕೆ 10,000 ದಾಟಿದರೆ 10 ಪರ್ಸೆಂಟ್ ಟಿಡಿಎಸ್, ಅಂದರೆ ಕೊಡುವ ಮೊದಲೇ ಕಳೆಯುವ ತೆರಿಗೆ, ಹಿಡಿಯುತ್ತಾರೆ (2025ರ ಏಪ್ರಿಲ್‌ಗೆ ಮೊದಲು ಈ ಮಿತಿ 5,000 ಇತ್ತು), ಹಾಗಾಗಿ 2,024 ಕಳೆದು ಕೈಗೆ 18,216. ಬ್ಯಾಂಕಿನಲ್ಲಿ 18,216 ಕಂಡು ಅದನ್ನು ಷೇರಿನ ಸಂಖ್ಯೆಯಿಂದ ಭಾಗಿಸಿ '22.77 ಮಾತ್ರ ಕೊಟ್ಟಿದ್ದಾರೆ, ಕೆಲವು ಷೇರು ತಪ್ಪಿಹೋಗಿದೆ' ಎಂದು ಗಾಬರಿಪಡಬೇಕಿಲ್ಲ.

ಒಡೆಯದೆ ಇದ್ದವರು

ಮಾರುತಿ ಸುಜುಕಿ 2003ರಲ್ಲಿ 125 ರೂಪಾಯಿಗೆ ಷೇರು ಮಾರುಕಟ್ಟೆಗೆ ಬಂತು, ಮುಖಬೆಲೆ 5. ಆವತ್ತು 100 ಷೇರು ಸಿಕ್ಕವರ ಹತ್ತಿರ ಇವತ್ತೂ 100 ಷೇರೇ ಇದೆ. ಸ್ಪ್ಲಿಟ್ ಇಲ್ಲ, ಬೋನಸ್ ಇಲ್ಲ. ಬೆಲೆ 2024ರಲ್ಲಿ 13,000 ದಾಟಿತು. 2023ರ ವಾರ್ಷಿಕ ಸಭೆಯಲ್ಲಿ ಷೇರುದಾರರು ಸ್ಪ್ಲಿಟ್ ಕೇಳಿದಾಗ ಅಧ್ಯಕ್ಷ ಆರ್. ಸಿ. ಭಾರ್ಗವ ಆಡಳಿತ ಮಂಡಳಿಯ ಮುಂದೆ ಇಡುವುದಾಗಿ ಹೇಳಿದ್ದರು. ಸಂಖ್ಯೆ ಎಂಟು ಪಟ್ಟಾದದ್ದೇ ಮಹೀಂದ್ರಾದ ಗಳಿಕೆ ಎಂದು ಹೇಳುವವರಿಗೆ ನಾನು ತೋರಿಸುವುದು ಈ ಮಾರುತಿಯ 100 ಷೇರನ್ನು. ಮಾರುತಿ ಷೇರುದಾರರಿಗೆ ಒಂದು ಅನುಕೂಲವೂ ಇದೆ: ಹಾಳೆಯಲ್ಲಿ ಒಂದೇ ಸಾಲು, ತಿದ್ದುವುದೇನೂ ಇಲ್ಲ.

ಜಪಾನಿನಲ್ಲಿ ಮಾತ್ರ ಸ್ಪ್ಲಿಟ್‌ಗೆ ನಿಜವಾದ ಅರ್ಥವಿದೆ. ಅಲ್ಲಿ ಷೇರನ್ನು ನೂರರ ಕಟ್ಟಿನಲ್ಲಿ ಕೊಳ್ಳಬೇಕು. ಟೊಯೋಟಾ 2021ರ ಅಕ್ಟೋಬರ್ 1ರಿಂದ ಒಂದನ್ನು ಐದು ಮಾಡಿದಾಗ ಒಂದು ಕಟ್ಟಿಗೆ ಬೇಕಿದ್ದ ಸುಮಾರು 10 ಲಕ್ಷ ಯೆನ್ ಸುಮಾರು 2 ಲಕ್ಷಕ್ಕೆ ಇಳಿಯಿತು, ಸಣ್ಣವರಿಗೆ ಬಾಗಿಲು ತೆರೆಯಿತು. ನ್ಯೂಯಾರ್ಕಿನಲ್ಲಿ ಟೊಯೋಟಾದ ಠೇವಣಿ ರಸೀದಿ (ಷೇರಿನ ಬದಲು ಅಲ್ಲಿ ವಹಿವಾಟಾಗುವ ಪತ್ರ) ಇಟ್ಟುಕೊಂಡವರಿಗೆ ಏನೂ ಆಗಲಿಲ್ಲ, ಒಂದು ರಸೀದಿಗೆ ಎರಡು ಷೇರು ಇದ್ದದ್ದು ಹತ್ತು ಎಂದಾಯಿತು, ಅಷ್ಟೇ. ಟೆಸ್ಲಾ ಇಟ್ಟುಕೊಂಡವರು ನೆನಪಿಡಬೇಕಾದ ಗುಣಕ 15: 2020ರ ಆಗಸ್ಟ್‌ನಲ್ಲಿ ಐದು, 2022ರ ಆಗಸ್ಟ್‌ನಲ್ಲಿ ಮೂರು. 2010ರಲ್ಲಿ 17 ಡಾಲರಿಗೆ ಬಂದ ಷೇರು ಈಗಿನ ಚಾರ್ಟ್‌ನಲ್ಲಿ 1.13 ಎಂದು ಕಾಣುವುದು ಅದಕ್ಕೆ. ನಮ್ಮಲ್ಲಿ ಒಂದು ಷೇರನ್ನೂ ಕೊಳ್ಳಬಹುದು, ಹಾಗಾಗಿ 'ಕೈಗೆಟುಕುವ ಬೆಲೆ' ಎಂಬ ಮಾತಿಗೆ ಅಷ್ಟು ತೂಕವಿಲ್ಲ.

ಮಾರುವ ದಿನದ ಲೆಕ್ಕ

ಸ್ಪ್ಲಿಟ್ ಮತ್ತು ಬೋನಸ್ ಬೇರೆ ಬೇರೆ ಕಂತಾಗಿ ಬರೆದಿಟ್ಟದ್ದು ಫಲ ಕೊಡುವುದು ಇಲ್ಲಿ.

2018ರ ಮಾರ್ಚ್ 31ರ ತನಕ ಮಾರಿದವರಿಗೆ ದೀರ್ಘಾವಧಿ ಷೇರು ಲಾಭಕ್ಕೆ ತೆರಿಗೆ ಇರಲಿಲ್ಲ. ಆಮೇಲೆ ತೆರಿಗೆ ತಂದಾಗ, 2018ರ ಜನವರಿ 31ರವರೆಗಿನ ಲಾಭವನ್ನು ಬಿಟ್ಟುಬಿಡಲು ಒಂದು ಸೂತ್ರ ಕೊಟ್ಟರು. 2018ರ ಜನವರಿ 31ರಂದು ನಿಮ್ಮ ಹತ್ತಿರ ಇದ್ದ ಷೇರಿಗೆ, ಆ ದಿನದ ಗರಿಷ್ಠ ಬೆಲೆ ಮತ್ತು ಮಾರಾಟ ಬೆಲೆ, ಇವೆರಡರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಿ. ಅದು ಮತ್ತು ನಿಜವಾಗಿ ಕೊಟ್ಟ ಬೆಲೆ, ಇವೆರಡರಲ್ಲಿ ಹೆಚ್ಚಿನದು ನಿಮ್ಮ ಖರೀದಿ ಬೆಲೆ.

ಮಹೀಂದ್ರಾದ ಬೋನಸ್ ಬಂದದ್ದು 2017ರ ಡಿಸೆಂಬರಿನಲ್ಲಿ. ಜನವರಿ 31ಕ್ಕೆ ಅವು ಖಾತೆಯಲ್ಲಿದ್ದವು. ಹಾಗಾಗಿ ಸೊನ್ನೆ ಬೆಲೆಯ ಬೋನಸ್ ಷೇರಿಗೂ ಆ ದಿನದ ಬೆಲೆ ಸಿಗುತ್ತದೆ. 'ಬೋನಸ್ ಷೇರಿಗೆ ಖರೀದಿ ಬೆಲೆ ಸೊನ್ನೆ' ಎಂಬ ಸಾಮಾನ್ಯ ನಿಯಮ ಕಲಿತವರು ಇಲ್ಲೇ ಸುಮ್ಮನೆ ತೆರಿಗೆ ಕಟ್ಟಿ ಬರುತ್ತಾರೆ. ಒಂದು ಲೆಕ್ಕ ನೋಡಿ. ತೋರಿಸಲು ಮಾತ್ರ ಜನವರಿ 31ರ ಗರಿಷ್ಠ ಬೆಲೆ 750, ಮಾರಾಟ ಬೆಲೆ 3,000 ಎಂದು ಇಟ್ಟುಕೊಳ್ಳೋಣ. 2002ರ ಕಂತು ಮಾರಿ ಮುಗಿದ ಮೇಲೆ 100 ಬೋನಸ್ ಷೇರು ಮಾರಿದರೆ ಬಂದದ್ದು 3 ಲಕ್ಷ. ಸೊನ್ನೆ ಬೆಲೆ ಹಿಡಿದರೆ ಪೂರ್ತಿ 3 ಲಕ್ಷ ಲಾಭ, 1.25 ಲಕ್ಷ ವಿನಾಯಿತಿ ಕಳೆದು 1.75 ಲಕ್ಷಕ್ಕೆ 12.5 ಪರ್ಸೆಂಟ್ 21,875, ಅದರ ಮೇಲೆ 4 ಪರ್ಸೆಂಟ್ ಸೆಸ್ ಸೇರಿ 22,750. ಸರಿಯಾದ ಲೆಕ್ಕದಲ್ಲಿ ಖರೀದಿ ಬೆಲೆ 75,000, ಲಾಭ 2.25 ಲಕ್ಷ, ತೆರಿಗೆಗೆ ಒಳಪಡುವುದು 1 ಲಕ್ಷ, ತೆರಿಗೆ 12,500, ಸೆಸ್ ಸೇರಿ 13,000. ನೂರು ಷೇರಿಗೆ 9,750 ರೂಪಾಯಿ ವ್ಯತ್ಯಾಸ. (12.5 ಪರ್ಸೆಂಟ್ ದರ 2024ರ ಜುಲೈ 23ರಿಂದ ಈಚಿನ ಮಾರಾಟಕ್ಕೆ.)

ಆದಾಯ ತೆರಿಗೆ ರಿಟರ್ನ್‌ನಲ್ಲಿ ಇಂಥ ಲಾಭ ಬರೆಯುವ 112ಎ ಪಟ್ಟಿಯಲ್ಲಿ ಇದಕ್ಕೆಂದೇ ಕಾಲಮ್‌ಗಳಿವೆ: ಐಎಸ್‌ಐಎನ್, ಷೇರಿನ ಸಂಖ್ಯೆ, ಮಾರಾಟ ಬೆಲೆ, ಕೊಟ್ಟ ಬೆಲೆ, ಮತ್ತು 2018ರ ಜನವರಿ 31ರ ಬೆಲೆ. ಐಎಸ್‌ಐಎನ್ ಎಂದು ಕೇಳಿದಲ್ಲಿ ಮಾರುವಾಗ ಇದ್ದದ್ದನ್ನು, ಅಂದರೆ 01026 ಬರೆಯಬೇಕು, ಕೊಂಡಾಗಿನ ಹಳೆಯದನ್ನಲ್ಲ. ಒಂದು ಡಿಮ್ಯಾಟ್ ಖಾತೆಯಿಂದ ಮಾರಿದಾಗ ಮೊದಲು ಬಂದದ್ದೇ ಮೊದಲು ಹೋದಂತೆ ಲೆಕ್ಕ, ಹಾಗಾಗಿ ಮೇಲಿನ 800 ಷೇರಿನ ಹಾಳೆಯಲ್ಲಿ ಮೊದಲ 200 ಷೇರು 2002ರ ಕಂತಿನಿಂದಲೇ ಹೋಗುತ್ತದೆ. ಅದು ಮುಗಿಯುವ ಮೊದಲೇ ಬೋನಸ್ ಮಾತ್ರ ಮಾರುತ್ತೇನೆ ಎಂದರೆ ಆಗದು.

ಆ ದಿನದ ಬೆಲೆ ಎಲ್ಲಿಂದ ತರುವುದು ಎಂಬುದರಲ್ಲೂ ಗುಂಡಿಯಿದೆ. ನಾನು ತೆಗೆದುಕೊಳ್ಳುವುದು ಎಕ್ಸ್‌ಚೇಂಜ್‌ನ ಆ ದಿನದ ಭಾವ್‌ಕಾಪಿಯಿಂದ (ಎಲ್ಲ ಷೇರುಗಳ ದಿನದ ಬೆಲೆಪಟ್ಟಿ), ಅದರಲ್ಲಿ 'ಗರಿಷ್ಠ' ಕಾಲಮ್. ಚಾರ್ಟ್ ತಾಣಗಳ ಹೊಂದಿಸಿದ ಬೆಲೆಯಲ್ಲಿ ಕೆಲವರು ಡಿವಿಡೆಂಡನ್ನೂ ಕಳೆದಿರುತ್ತಾರೆ, ಅದು ಇಲ್ಲಿಗೆ ಆಗದು. ಮಹೀಂದ್ರಾದಲ್ಲಿ 2018ರ ಜನವರಿಯ ನಂತರ ಸ್ಪ್ಲಿಟ್ ಆಗಿಲ್ಲವಾದ್ದರಿಂದ ಭಾವ್‌ಕಾಪಿಯ ಸಂಖ್ಯೆಯನ್ನು ಹಾಗೇ ಹಾಕಬಹುದು. ಅದೇ ಐಷರ್ ಮೋಟಾರ್ಸ್ ಇದ್ದವರಿಗೆ ಹಾಗಲ್ಲ. ಅದು ಕಾರಿನ ಕಂಪನಿಯಲ್ಲ, ಬೈಕು ಲಾರಿಗಳದು. ಆದರೆ ತಪ್ಪು ಹೇಗಾಗುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 2020ರ ಆಗಸ್ಟ್‌ನಲ್ಲಿ ಅದರ 10 ರೂಪಾಯಿ ಷೇರು 1 ರೂಪಾಯಿಯ ಹತ್ತಾಗಿ ಒಡೆಯಿತು. 2018ರ ಜನವರಿ 31ರ ಭಾವ್‌ಕಾಪಿಯಲ್ಲಿ ಅದಕ್ಕೆ ಐದಂಕಿಯ ಬೆಲೆಯಿದೆ. ಅದನ್ನು ಹತ್ತರಿಂದ ಭಾಗಿಸದೆ ಹಾಗೇ ಹಾಕಿದರೆ ಸೂತ್ರದ 'ಇವೆರಡರಲ್ಲಿ ಕಡಿಮೆ' ಎಂಬಲ್ಲಿ ಮಾರಾಟ ಬೆಲೆಯೇ ಗೆದ್ದು, ಖರೀದಿಯೂ ಮಾರಾಟವೂ ಸಮ, ಲಾಭ ಸೊನ್ನೆ ಎಂದು ಬರುತ್ತದೆ. ತಂತ್ರಾಂಶ ತಕರಾರು ಎತ್ತುವುದಿಲ್ಲ. ನೋಟಿಸ್ ಬಂದಾಗಲೇ ಗೊತ್ತಾಗುವುದು.

ಸಂಖ್ಯೆ ಹೆಚ್ಚಿದ್ದರಿಂದ ಒಂದು ಉಪಯೋಗ ಉಂಟು: ಬೇಕಾದಷ್ಟೇ ಕತ್ತರಿಸಬಹುದು. ಮೇಲಿನ ಬೆಲೆಗಳಲ್ಲಿ ಒಂದು ಷೇರಿಗೆ ಲಾಭ 2,250. ವರ್ಷಕ್ಕೆ 55 ಷೇರು ಮಾರಿದರೆ ಲಾಭ 1,23,750, ವಿನಾಯಿತಿಯ ಒಳಗೇ ಮುಗಿಯುತ್ತದೆ. 56ನೆಯದು ಮಾರಿದರೆ ದಾಟುತ್ತದೆ. ಬೇರೆ ಷೇರು, ಈಕ್ವಿಟಿ ಫಂಡ್‌ಗಳ ಲಾಭವೂ ಅದೇ 1.25 ಲಕ್ಷದೊಳಗೆ ಬರಬೇಕು ಎಂಬುದು ನೆನಪಿರಲಿ.

ಬೀರುವಿನ ಕಾಗದ

10 ರೂಪಾಯಿ ಮುಖಬೆಲೆ ಎಂದು ಅಚ್ಚಾದ ಹಳೆಯ ಸರ್ಟಿಫಿಕೇಟ್ ಸ್ಪ್ಲಿಟ್ ಆದ ದಿನವೇ ಸತ್ತುಹೋಯಿತು. ಆದರೆ ಫೋಲಿಯೊ, ಅಂದರೆ ಕಾಗದದ ಷೇರುಗಳಿಗೆ ನಿಮ್ಮ ಹೆಸರಿನಲ್ಲಿರುವ ಖಾತೆ, ಸಾಯುವುದಿಲ್ಲ. ಕಂಪನಿಯ ಪರವಾಗಿ ಷೇರುದಾರರ ದಾಖಲೆ ಇಡುವ ರಿಜಿಸ್ಟ್ರಾರ್ ಪುಸ್ತಕದಲ್ಲಿ ಆ ಫೋಲಿಯೊ ಸಂಖ್ಯೆಯ ಎದುರು ಹೊಸ ಸಂಖ್ಯೆಯ ಷೇರುಗಳು ಇರುತ್ತವೆ. ಆದ್ದರಿಂದ ಆ ಕಾಗದವನ್ನು ರದ್ದಿಗೆ ಹಾಕಬೇಡಿ. ಫೋಲಿಯೊ ಸಂಖ್ಯೆ, ಡಿಸ್ಟಿಂಕ್ಟಿವ್ ಸಂಖ್ಯೆ (ಒಂದೊಂದು ಷೇರಿನ ಕ್ರಮಸಂಖ್ಯೆ), ಆಗಿನ ವಿಳಾಸ, ಹೆಸರು ಬರೆದ ರೀತಿ ಎಲ್ಲ ಸಿಗುವುದು ಅಲ್ಲೇ.

ಸಾಮಾನ್ಯವಾಗಿ ನಡೆದಿರುವುದು ಹೀಗೆ: ಮನೆ ಬದಲಾಯಿಸಿದ್ದಾರೆ, ಹೊಸ 5 ರೂಪಾಯಿ ಸರ್ಟಿಫಿಕೇಟ್ ಅಂಚೆಯಲ್ಲಿ ಹೋಗಿ ವಾಪಸ್ ಬಂದಿದೆ, ಡಿವಿಡೆಂಡ್ ವಾರಂಟ್‌ಗಳೂ (ಚೆಕ್‌ನಂಥ ಕಾಗದ) ನಗದಾಗಿಲ್ಲ. ಸತತ ಏಳು ವರ್ಷ ಡಿವಿಡೆಂಡ್ ಪಡೆಯದಿದ್ದರೆ ಷೇರೇ, ಯಾರೂ ಕೇಳದ ಷೇರು ಮತ್ತು ಡಿವಿಡೆಂಡ್ ಸೇರುವ ಸರ್ಕಾರದ ಐಇಪಿಎಫ್ ನಿಧಿಗೆ ಹೋಗುತ್ತದೆ, ಆಮೇಲೆ ಬರುವ ಬೋನಸ್ಸೂ ಅದರ ಹಿಂದೆಯೇ. ವಾಪಸ್ ಪಡೆಯಲು ಐಇಪಿಎಫ್-5 ಅರ್ಜಿ. ನಿಧಿಗೆ ಹೋಗದೆ ಫೋಲಿಯೊದಲ್ಲೇ ಇದ್ದರೆ ಕೆಲಸ ಹಗುರ. ಮೊದಲು ಫೋಲಿಯೊ ಸಂಖ್ಯೆ ಬರೆದು ಈಗಿನ ಹಿಡುವಳಿ ಎಷ್ಟು ಎಂದು ರಿಜಿಸ್ಟ್ರಾರ್‌ಗೆ ಕೇಳುವುದು. ಆಮೇಲೆ ಪ್ಯಾನ್, ವಿಳಾಸ, ಬ್ಯಾಂಕ್ ವಿವರಕ್ಕೆ ಐಎಸ್‌ಆರ್-1 ಎಂಬ ಅರ್ಜಿ ನಮೂನೆ, ಬ್ಯಾಂಕ್ ಮ್ಯಾನೇಜರ್ ಸಹಿ ದೃಢೀಕರಿಸುವ ಐಎಸ್‌ಆರ್-2, ನಾಮಿನಿಗೆ ಎಸ್‌ಎಚ್-13, ಕಳೆದುಹೋದ ಸರ್ಟಿಫಿಕೇಟ್ ಬದಲಿಗೆ ಐಎಸ್‌ಆರ್-4. ಹೊಸ ಕಾಗದ ಈಗ ಯಾರೂ ಅಚ್ಚು ಹಾಕಿಕೊಡುವುದಿಲ್ಲ, ಷೇರು ಡಿಮ್ಯಾಟ್‌ಗೇ ಬರುತ್ತದೆ.

ಅರ್ಜಿ ವಾಪಸ್ ಬರುವುದು ಎರಡು ಕಾರಣಕ್ಕೆ. ಒಂದು, ಇನಿಷಿಯಲ್. ಸರ್ಟಿಫಿಕೇಟ್‌ನಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ, ಪ್ಯಾನ್‌ನಲ್ಲಿ ಎರಡೂ ಪೂರ್ತಿ ಬಿಡಿಸಿ ಕೊನೆಗೆ ಸೇರಿಸಿರುತ್ತಾರೆ. ಎರಡೂ ಒಬ್ಬರೇ ಎಂದು ಅಫಿಡವಿಟ್ ಮೊದಲೇ ಇಟ್ಟು ಕಳಿಸಿದರೆ ಒಂದು ಸುತ್ತು ಉಳಿಯುತ್ತದೆ. ಇನ್ನೊಂದು, ಸಹಿ. ಆಗ ಕನ್ನಡದಲ್ಲಿ ಸಹಿ ಮಾಡಿ, ಈಗ ಬ್ಯಾಂಕಿನಲ್ಲಿ ಇಂಗ್ಲಿಷ್ ಸಹಿ ಇಟ್ಟುಕೊಂಡವರು ಬಹಳ. ಅದಕ್ಕೆ ಐಎಸ್‌ಆರ್-2 ಒಂದೇ ದಾರಿ.

ಸ್ಪ್ಲಿಟ್‌ನಂತೆ ಕಂಡು ಸ್ಪ್ಲಿಟ್ ಅಲ್ಲದ್ದು

ಟಾಟಾ ಮೋಟಾರ್ಸ್ 2011ರ ಸೆಪ್ಟೆಂಬರಿನಲ್ಲಿ 10 ರೂಪಾಯಿ ಷೇರನ್ನು 2 ರೂಪಾಯಿಯ ಐದಾಗಿ ಒಡೆಯಿತು. ಅದು ಸ್ಪ್ಲಿಟ್, ಮೇಲಿನ ಎಲ್ಲ ನಿಯಮವೂ ಅನ್ವಯ. ನಡುವೆ 2008ರ, 2015ರ ರೈಟ್ಸ್ ಷೇರು (ಇದ್ದ ಷೇರುದಾರರಿಗೆ ಕಂಪನಿ ಹಣ ಪಡೆದು ಕೊಡುವ ಹೊಸ ಷೇರು) ಕೊಂಡವರಿಗೆ ಅವು ತಮ್ಮದೇ ಬೆಲೆ, ತಮ್ಮದೇ ತಾರೀಖಿನ ಬೇರೆ ಕಂತುಗಳು. 2008ರದ್ದು ಆಮೇಲೆ ಐದು ಪಟ್ಟಾಯಿತು, 2015ರದ್ದು ಆಗಲಿಲ್ಲ.

2025ರ ಅಕ್ಟೋಬರ್ 14ರಂದು ನಡೆದದ್ದು ಬೇರೆ. ಹಿಂದಿನ ದಿನ 660ರ ಆಸುಪಾಸು ಮುಗಿದಿದ್ದ ಷೇರು ಅವತ್ತು 400ರಲ್ಲಿ ತೆರೆಯಿತು. ಷೇರಿನ ಸಂಖ್ಯೆ ಹೆಚ್ಚಲಿಲ್ಲ, ಮುಖಬೆಲೆ ಬದಲಾಗಲಿಲ್ಲ. ವಾಣಿಜ್ಯ ವಾಹನದ ವ್ಯವಹಾರ ಬೇರೆ ಕಂಪನಿಯಾಗಿ ಹೊರಗೆ ಹೋಗಿತ್ತು. ಒಂದು ಷೇರಿಗೆ ಅದರ ಒಂದು ಷೇರು ಬರಬೇಕಿತ್ತು, ಅದು ವಹಿವಾಟಿಗೆ ಬಂದದ್ದು ನವೆಂಬರ್ 12ಕ್ಕೆ. ಸುಮಾರು ಒಂದು ತಿಂಗಳು ಆ್ಯಪ್‌ನಲ್ಲಿ ಶೇಕಡಾ 40ರಷ್ಟು ನಷ್ಟ ಕಾಣುತ್ತಲೇ ಇತ್ತು. ಇಲ್ಲಿ ಖರೀದಿ ಬೆಲೆಯನ್ನು ಸಂಖ್ಯೆಯಿಂದ ಭಾಗಿಸಬಾರದು, ಬೋನಸ್‌ನಂತೆ ಹೊಸದಕ್ಕೆ ಸೊನ್ನೆ ಹಾಕಲೂ ಬಾರದು. ಕಂಪನಿ ಪ್ರಕಟಿಸುವ ಅನುಪಾತದಲ್ಲಿ ಪ್ರತಿ ಕಂತಿನ ಒಟ್ಟು ಹಣವನ್ನು ಎರಡು ಹಾಳೆಗೆ ಹಂಚಬೇಕು, ತಾರೀಖು ಎರಡಕ್ಕೂ ಹಳೆಯದೇ. ಒಟ್ಟು ಹಣದ ಕಾಲಮ್ ಇಟ್ಟುಕೊಂಡವರಿಗೆ ಇದು ಐದು ನಿಮಿಷದ ಕೆಲಸ.

ಹಾಳೆಯ ತಲೆಬರಹದಲ್ಲಿ ಮಾತ್ರ ಎಚ್ಚರ. ಹಳೆಯ ಕಂಪನಿ ಈಗ ಟಾಟಾ ಮೋಟಾರ್ಸ್ ಪ್ಯಾಸೆಂಜರ್ ವೆಹಿಕಲ್ಸ್. 'ಟಾಟಾ ಮೋಟಾರ್ಸ್' ಎಂಬ ಹೆಸರು ಹೋಗಿರುವುದು ಲಾರಿ ಮಾಡುವ ಹೊಸ ಕಂಪನಿಗೆ. ಹೆಸರು ನೋಡಿ ಸಾಲು ಹೊಂದಿಸಿದರೆ ಕಾರಿನ ಖರೀದಿ ಬೆಲೆ ಲಾರಿಯ ಹಾಳೆಗೆ ಹೋಗುತ್ತದೆ. 2011ರ ಸ್ಪ್ಲಿಟ್‌ನಲ್ಲಿ ಬಂದ ಐಎನ್‌ಇ155ಎ01022 ಕಾರಿನ ಕಂಪನಿಯಲ್ಲೇ ಉಳಿದಿದೆ. ಆ ಸಂಖ್ಯೆ ಇರುವ ಹಾಳೆಯ ಹೆಸರನ್ನು ಮೊದಲು ತಿದ್ದಿ, ಹೊಸ ಹಾಳೆಯನ್ನು ಆಮೇಲೆ ತೆರೆಯಿರಿ.